ವಿಚ್ಛೇದನದ ಕೇಸು, ಮಂಡಿಯ ಬೀಗ: ವ್ಯಾಪಾರದ ಆಸ್ತಿಗೆ ತಡೆಯಾಜ್ಞೆ ಬಂದಾಗ

ಶಿವಮೊಗ್ಗದ ಅಡಿಕೆ ಮಂಡಿಯೊಂದರ ಗೋದಾಮಿನಲ್ಲಿ ಚೀಲ ಎಣಿಸುತ್ತ ಒಂದಿಡೀ ದಿನ ಕಳೆದಿದ್ದೇನೆ. ಗಂಡ ಹೆಂಡತಿಯ ಕೇಸಿನಲ್ಲಿ ಕೋರ್ಟು ನನ್ನನ್ನು ಕಮಿಷನರ್ ಎಂದು ನೇಮಿಸಿತ್ತು. ಮಂಡಿಯಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂದು ಪಟ್ಟಿ ಮಾಡಿ ವರದಿ ಕೊಡಬೇಕಾಗಿತ್ತು. ಗಂಡನ ಕಡೆಯ ವಕೀಲರು ಬಾಗಿಲ ಹತ್ತಿರ, ಹೆಂಡತಿ ತಕ್ಕಡಿಯ ಪಕ್ಕ. ಹಮಾಲರು ಚೀಲ ಇಳಿಸಿದಂತೆಲ್ಲ ನಾನು ಅಡಿಕೆಯ ಬಗೆ ಬಗೆಯಾಗಿ ಬರೆದುಕೊಳ್ಳುತ್ತಿದ್ದೆ: ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು. ಒಂದು ಸಾಲು ಮುಗಿಯುವಷ್ಟರಲ್ಲಿ ಆಕೆ ಮುಂದೆ ಬಂದರು.

"ಸರ್, ಈ ಸಾಲು ನಮ್ಮದಲ್ಲ. ಚೀಲದ ಮೇಲೆ ನೀಲಿ ಮಸಿಯಲ್ಲಿ ಬರೆದಿರೋ ಅಕ್ಷರ ನೋಡಿ. ಹೊಸನಗರ ಕಡೆ ಬೆಳೆಗಾರರದ್ದು. ರೇಟು ಏರಲಿ ಅಂತ ಇಟ್ಟು ಹೋಗಿದ್ದಾರೆ. ಇದನ್ನ ಪಟ್ಟಿಗೆ ಸೇರಿಸಿದ್ರೆ ಅವರು ಬಂದು ಯಾರನ್ನ ಕೇಳಬೇಕು?"

ಮಂಡಿಗೆ ತಡೆಯಾಜ್ಞೆ ಬೇಕೆಂದು ಅರ್ಜಿ ಹಾಕಿದವರೇ ಆಕೆ. ಪಟ್ಟಿ ಉದ್ದವಾದಷ್ಟೂ ಅವರಿಗೇ ಲಾಭ ಎಂದು ಹೊರಗಿನವರಿಗೆ ತೋರಬಹುದು. ಆದರೆ ಮದುವೆಯಾಗಿ ಬಂದ ವರ್ಷದಿಂದ ಆ ಮಂಡಿಯ ಜಮಾಖರ್ಚು ಬರೆದವರು ಅವರು. ಯಾವ ಚೀಲ ಯಾರದ್ದು, ಯಾರಿಗೆ ಎಷ್ಟು ಮುಂಗಡ ಹೋಗಿದೆ ಎನ್ನುವುದು ಗುಮಾಸ್ತರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಲೈಸೆನ್ಸಿನಲ್ಲಿ, ಬ್ಯಾಂಕಿನ ಕಾಗದದಲ್ಲಿ, ಜಿಎಸ್‌ಟಿ ನೋಂದಣಿಯಲ್ಲಿ ಮಾತ್ರ ಅವರ ಹೆಸರು ಎಲ್ಲೂ ಇರಲಿಲ್ಲ.

ಈ ಲೇಖನ ಬರೆಯಲು ಆ ದಿನವೇ ಕಾರಣ. ದಾಂಪತ್ಯ ಮುರಿದು ಕೋರ್ಟಿಗೆ ಬಂದಾಗ ಮಂಡಿ, ರೈಸ್ ಮಿಲ್ಲು, ಹೋಂಸ್ಟೇ, ಅಡಿಕೆ ತೋಟ, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕ, ಇಂಥ ದುಡಿಯುವ ಆಸ್ತಿಯನ್ನು ಕೇಸು ಮುಗಿಯುವವರೆಗೆ ಕಾಪಾಡುವುದು ಹೇಗೆ? ಕಾಪಾಡುವ ಹೆಸರಿನಲ್ಲಿ ಅದನ್ನು ಕೊಲ್ಲದೆ ಇರುವುದು ಹೇಗೆ? ನಮ್ಮ ಕಡೆ ಈ ಎರಡೂ ತಪ್ಪು ನಡೆಯುತ್ತಿವೆ. ಒಂದೋ ಆದೇಶ ಬರುವಷ್ಟರಲ್ಲಿ ಆಸ್ತಿ ಅಣ್ಣನ ಹೆಸರಿಗೆ ಹೋಗಿರುತ್ತದೆ, ಇಲ್ಲವೇ ಆದೇಶದ ಹೊಡೆತಕ್ಕೆ ವ್ಯಾಪಾರವೇ ನಿಂತಿರುತ್ತದೆ.

ಅರ್ಧ ಪಾಲು ಎನ್ನುವ ತಪ್ಪು ಕಲ್ಪನೆ

ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಒಂದು ನಂಬಿಕೆ ಇಟ್ಟುಕೊಂಡೇ ಬರುತ್ತಾರೆ. ಡೈವೋರ್ಸ್ ಕೇಸು ಹಾಕಿದ ತಕ್ಷಣ ಎರಡೂ ಕಡೆಯ ಆಸ್ತಿ ತಾನಾಗಿ ನಿಲ್ಲುತ್ತದೆ, ಕೊನೆಗೆ ಅರ್ಧ ಅರ್ಧ ಆಗುತ್ತದೆ ಎಂದು. ಮಲೆನಾಡಿನ ಮನೆಮನೆಯಲ್ಲೂ ಒಬ್ಬರಾದರೂ ಅಮೆರಿಕದಲ್ಲಿದ್ದಾರೆ, ಅಲ್ಲಿನ ಸುದ್ದಿ ಇಲ್ಲಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು ನಿಜವೂ ಹೌದು. ಅಲ್ಲಿ ವಿಚ್ಛೇದನದ ಸಮನ್ಸಿನ ಜತೆಗೇ ತಡೆಯಾಜ್ಞೆ ಅಂಟಿಕೊಂಡು ಬರುತ್ತದೆ. ಕೇಸು ಹಾಕಿದವರಿಗೆ ಹಾಕಿದಾಗಿನಿಂದ, ಎದುರಿನವರಿಗೆ ಸಮನ್ಸ್ ಮುಟ್ಟಿದಾಗಿನಿಂದ ಅದು ಜಾರಿ. ಇಬ್ಬರೂ ಆಸ್ತಿ ಮಾರುವಂತಿಲ್ಲ, ಅಡ ಇಡುವಂತಿಲ್ಲ, ಬಚ್ಚಿಡುವಂತಿಲ್ಲ. ದಿನನಿತ್ಯದ ವ್ಯಾಪಾರಕ್ಕೆ ಮತ್ತು ಬದುಕಿನ ಅಗತ್ಯಕ್ಕೆ ವಿನಾಯಿತಿ ಇದೆ. ಅಸಾಮಾನ್ಯ ಖರ್ಚು ಮಾಡುವುದಾದರೆ ಐದು ಕೆಲಸದ ದಿನ ಮೊದಲೇ ಎದುರಿನವರಿಗೆ ತಿಳಿಸಬೇಕು.

ನಮ್ಮಲ್ಲಿ ಹಾಗಿಲ್ಲ. ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಉಳಿದುಕೊಂಡಿರುವ ಗೋವಾದಂಥ ಕಡೆ ಬಿಟ್ಟರೆ, ಮದುವೆಯ ನಂತರ ಗಳಿಸಿದ್ದು ಇಬ್ಬರಿಗೂ ಸೇರಿದ್ದು ಎಂಬ ಕಾನೂನು ಭಾರತದಲ್ಲಿ ಇಲ್ಲ. ಯಾರ ಹೆಸರಿನಲ್ಲಿದೆಯೋ ಅವರದ್ದು. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಕೂಡ ಮದುವೆಯ ಹೊತ್ತಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಜಂಟಿಯಾಗಿ ಸೇರಬಹುದಾದ ಆಸ್ತಿಯ ಬಗ್ಗೆ ಮಾತ್ರ ಹೇಳುತ್ತದೆ. ಹತ್ತು ವರ್ಷ ಇಬ್ಬರೂ ಸೇರಿ ಕಟ್ಟಿದ ಮಂಡಿ ಅದರ ಒಳಗೆ ಬರುವುದಿಲ್ಲ. ವಿಚ್ಛೇದನದ ಹೊತ್ತಿನಲ್ಲಿ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಅವಕಾಶವಿದ್ದ ಮಸೂದೆ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿತ್ತು. ಲೋಕಸಭೆಯ ಅವಧಿ ಮುಗಿದು 2014ರಲ್ಲಿ ಅದು ಬಿದ್ದುಹೋಯಿತು. ಹೋಗಲಿ ಬಿಡಿ ಎಂದು ನಾನು ಹೇಳಲಾರೆ. ಆ ಒಂದು ಕಾನೂನು ಇಲ್ಲದ್ದರಿಂದಲೇ ಇವತ್ತು ಹೆಂಗಸರು ಹತ್ತು ಬಾಗಿಲು ತಟ್ಟಬೇಕಾಗಿದೆ.

ನ್ಯಾಯಾಲಯಗಳು ಅಲ್ಲಲ್ಲಿ ಮುಂದೆ ಹೋಗಿವೆ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು, ಗಂಡ ವಿದೇಶದಲ್ಲಿ ದುಡಿಯುವಾಗ ಮನೆ ನೋಡಿಕೊಂಡ ಹೆಂಡತಿಯ ಶ್ರಮವೂ ಆಸ್ತಿ ಗಳಿಕೆಗೆ ಕೊಟ್ಟ ಪಾಲೇ ಎಂದು ಒಪ್ಪಿಕೊಂಡು ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಕರ್ನಾಟಕದ ಕೋರ್ಟುಗಳನ್ನು ಅದು ಕಟ್ಟಿಹಾಕುವುದಿಲ್ಲ, ಆದರೆ ವಾದಕ್ಕೆ ಆಧಾರವಾಗುತ್ತದೆ. ಇನ್ನೊಂದು ಕಡೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದಲ್ಲಿ, ಜೀವನಾಂಶ ಇರುವುದು ಹೆಂಡತಿ ನಿರ್ಗತಿಕಳಾಗದಿರಲಿ ಎಂದು, ಗಂಡನ ಸಿರಿವಂತಿಕೆಗೆ ಆಕೆಯನ್ನು ಸರಿಸಮ ಮಾಡಲು ಅಲ್ಲ ಎಂದಿತು. ಎರಡನ್ನೂ ಎದುರಿಗಿಟ್ಟುಕೊಂಡೇ ಕೇಸು ಕಟ್ಟಬೇಕು.

ಹಾಗಾದರೆ ಯಾವ ಬಾಗಿಲು?

ಜನ ಆಡುಮಾತಿನಲ್ಲಿ "ಸ್ಟೇ ತರೋದು" ಎನ್ನುವುದರ ಒಳಗೆ ನಾಲ್ಕೈದು ಬೇರೆ ಬೇರೆ ಆದೇಶಗಳಿವೆ. ಯಾವುದು ಬೇಕು ಎಂದು ತಿಳಿಯದೆ ಅರ್ಜಿ ಹಾಕಿದರೆ ವಾಯ್ದೆಯ ಮೇಲೆ ವಾಯ್ದೆ ಬೀಳುತ್ತದೆ.

ಮೊದಲನೆಯದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ (ಆ ಸಂಹಿತೆಯ ಅಧ್ಯಾಯಗಳಿಗೆ ಆದೇಶ ಎಂದೇ ಹೆಸರು) ತಾತ್ಕಾಲಿಕ ತಡೆಯಾಜ್ಞೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ಗಂಡ ಹೆಂಡತಿಯ ನಡುವಿನ ಆಸ್ತಿಯ ದಾವೆಯನ್ನು ಕೌಟುಂಬಿಕ ನ್ಯಾಯಾಲಯವೇ ಕೇಳಬಹುದು, ಸಿವಿಲ್ ಸಂಹಿತೆಯೂ ಅಲ್ಲಿ ಅನ್ವಯವಾಗುತ್ತದೆ. ಬರೀ ವಿಚ್ಛೇದನದ ಅರ್ಜಿ ಹಾಕಿ ಅದರೊಳಗೆ ಮಂಡಿಗೆ ತಡೆ ಕೇಳಿದರೆ "ಈ ಆಸ್ತಿಗೂ ಈ ಅರ್ಜಿಗೂ ಏನು ಸಂಬಂಧ" ಎಂಬ ಪ್ರಶ್ನೆ ಬರುತ್ತದೆ. ಆಸ್ತಿಯಲ್ಲಿ ತನಗೆ ಯಾವ ಹಕ್ಕಿದೆ ಎಂದು ಹೇಳುವ ದಾವೆಯೋ, ಜೀವನಾಂಶ ಆ ಆಸ್ತಿಯಿಂದಲೇ ವಸೂಲಾಗುವಂತೆ ಅದರ ಮೇಲೆ ಹೊರೆ ಹಾಕಿಕೊಡಿ ಎಂಬ ಕೋರಿಕೆಯೋ ಜತೆಗಿರಬೇಕು. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಶಾಶ್ವತ ಜೀವನಾಂಶಕ್ಕೆ ಸ್ಥಿರಾಸ್ತಿಯ ಮೇಲೆ ಹೊರೆ ಹಾಕಲು ಅವಕಾಶ ಕೊಟ್ಟಿದೆ. ಇದನ್ನು ಅರ್ಜಿಯಲ್ಲಿ ಕೇಳದೆ ಬಿಡುವವರೇ ಹೆಚ್ಚು.

ತಡೆಯಾಜ್ಞೆ ಕೊಡುವ ಮೊದಲು ಕೋರ್ಟು ಮೂರು ವಿಷಯ ನೋಡುತ್ತದೆ. ದಲಪತ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ ಮೂರು: ಮೇಲ್ನೋಟಕ್ಕೆ ಹಕ್ಕು ಕಾಣುತ್ತದೆಯೇ, ಆದೇಶ ಕೊಡದಿದ್ದರೆ ತುಂಬಲಾಗದ ನಷ್ಟ ಆಗುತ್ತದೆಯೇ, ಕೊಟ್ಟರೆ ಯಾರಿಗೆ ಹೆಚ್ಚು ತೊಂದರೆ, ಕೊಡದಿದ್ದರೆ ಯಾರಿಗೆ. ವ್ಯಾಪಾರದ ಕೇಸಿನಲ್ಲಿ ಗೆಲ್ಲುವುದೂ ಸೋಲುವುದೂ ಮೂರನೆಯದರಲ್ಲಿ. ಗಂಡನ ವಕೀಲರು ಎದ್ದು ನಿಂತು, "ಸ್ವಾಮಿ, ಸೀಸನ್ ಶುರುವಾಗಿದೆ, ಬೆಳೆಗಾರರಿಗೆ ದುಡ್ಡು ಕೊಡಬೇಕು, ಹಮಾಲರಿಗೆ ಕೂಲಿ ಕೊಡಬೇಕು, ಅಕೌಂಟ್ ನಿಲ್ಲಿಸಿದರೆ ಚೆಕ್ ಬೌನ್ಸ್ ಆಗುತ್ತದೆ" ಎಂದರೆ ಅದು ಸುಳ್ಳಲ್ಲ. ಆ ಮಾತಿಗೆ ಉತ್ತರ ಅರ್ಜಿಯಲ್ಲೇ ಇರಬೇಕು.

ಎರಡನೆಯದು ತೀರ್ಪಿಗೆ ಮೊದಲೇ ಜಪ್ತಿ, 38ನೇ ಆದೇಶದ 5ನೇ ನಿಯಮ. ಇದು ಬಿಗಿಯಾದ ಅಸ್ತ್ರ. ಡಿಕ್ರಿ, ಅಂದರೆ ದಾವೆಯ ತೀರ್ಪಿನ ಆದೇಶ, ಬಂದರೂ ವಸೂಲಾಗಬಾರದು ಎಂಬ ಉದ್ದೇಶದಿಂದಲೇ ಎದುರಿನವರು ಆಸ್ತಿ ಮಾರಲು ಅಥವಾ ಸಾಗಿಸಲು ಹೊರಟಿದ್ದಾರೆ ಎಂದು ತೋರಿಸಬೇಕು. ಅನುಮಾನ ಸಾಲದು. 2008ರಲ್ಲಿ ಸುಪ್ರೀಂ ಕೋರ್ಟು ಇದನ್ನು ಅಸಾಧಾರಣ ಅಧಿಕಾರ ಎಂದು ಕರೆದು, ಎದುರಿನವರನ್ನು ಬಗ್ಗಿಸಲು ಬಳಸಬಾರದು ಎಂದು ಎಚ್ಚರಿಸಿದೆ. ಮಂಡಿಯ ಲಾರಿ ರಾತ್ರೋರಾತ್ರಿ ಬೇರೆಯವರ ಹೆಸರಿಗೆ ವರ್ಗವಾಗಿದ್ದರೆ, ತೋಟಕ್ಕೆ ಸೇಲ್ ಅಗ್ರಿಮೆಂಟ್ ಆಗಿದ್ದರೆ ಮಾತ್ರ ಇದಕ್ಕೆ ಬಲ.

ಮೂರನೆಯದು, ಬಹಳ ಜನಕ್ಕೆ ಗೊತ್ತಿಲ್ಲದ್ದು, 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 18ನೇ ಕಲಂ. ಮ್ಯಾಜಿಸ್ಟ್ರೇಟರು ಆಸ್ತಿ ಪರಭಾರೆ ಮಾಡದಂತೆ, ಬ್ಯಾಂಕ್ ಲಾಕರ್ ಮತ್ತು ಖಾತೆ ತಮ್ಮ ಅನುಮತಿ ಇಲ್ಲದೆ ಬಳಸದಂತೆ ತಡೆಯಬಹುದು. ಖಾತೆ ಜಂಟಿ ಇರಲಿ, ಗಂಡನ ಒಬ್ಬನ ಹೆಸರಿನಲ್ಲೇ ಇರಲಿ. ತುರ್ತು ಇದ್ದರೆ 23ನೇ ಕಲಂ ಅಡಿ ಎದುರಿನವರನ್ನು ಕೇಳುವ ಮೊದಲೇ ಆದೇಶ ಸಿಗುತ್ತದೆ, ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಯಾವ ಧರ್ಮದವರಿಗೂ ಇದು ಅನ್ವಯ. ಆದರೆ ಹಿಂಸೆ ನಡೆದಿದೆ ಎನ್ನುವುದು ಇಲ್ಲಿ ತಳಪಾಯ. ಹಣಕಾಸಿನ ಕಿರುಕುಳವೂ ಆ ಕಾಯ್ದೆಯಲ್ಲಿ ಹಿಂಸೆಯೇ. ಹಿಂಸೆ ಇಲ್ಲದ ಕಡೆ ಬರೀ ಅಕೌಂಟ್ ನಿಲ್ಲಿಸಲು ಈ ಅರ್ಜಿ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಯಾವ ಆದೇಶವೂ ಇಲ್ಲದೆಯೇ ಸ್ವಲ್ಪ ರಕ್ಷಣೆ ಕೊಡುವುದು ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ. ಸ್ಥಿರಾಸ್ತಿಯ ಹಕ್ಕಿನ ಬಗ್ಗೆಯೇ ದಾವೆ ನಡೆಯುತ್ತಿರುವಾಗ ಅದನ್ನು ಮಾರಿದರೆ, ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧ. ಮಾರಾಟ ರದ್ದಾಗುವುದಿಲ್ಲ, ಆದರೆ ಕೊಂಡವರ ಹಕ್ಕು ತೀರ್ಪಿನ ಕೆಳಗೆ. ಗೋದಾಮಿನ ಚೀಲಕ್ಕೆ, ಲಾರಿಗೆ, ಬ್ಯಾಂಕಿನ ದುಡ್ಡಿಗೆ ಇದು ಸಲ್ಲದು. ಜಮೀನಿನ ವಿಷಯದಲ್ಲಿ ಕೋರ್ಟಿನ ಆದೇಶವನ್ನು ತಾಲ್ಲೂಕು ಕಚೇರಿಗೆ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ನಮೂದು ಮಾಡಿಸುವುದು ಒಳ್ಳೆಯದು. ಕೊಳ್ಳಲು ಬಂದವರು ಮೊದಲು ನೋಡುವುದು ಪಹಣಿಯನ್ನೇ.

ಮಂಡಿ ಯಾರದ್ದು ಎನ್ನುವುದೇ ಅರ್ಧ ಕೇಸು

ಗಂಡ ಒಬ್ಬರೇ ಮಾಲೀಕರಾದ ವ್ಯಾಪಾರಕ್ಕೂ ಅವರಿಗೂ ಕಾನೂನಿನಲ್ಲಿ ಭೇದವಿಲ್ಲ. ವ್ಯಾಪಾರದ ಆಸ್ತಿ ಎಂದರೆ ಅವರದೇ ಆಸ್ತಿ, ಆದೇಶ ನೇರವಾಗಿ ತಾಗುತ್ತದೆ. ಪಾಲುದಾರಿಕೆಯಾದರೆ ಕತೆ ಬೇರೆ. ಅಣ್ಣತಮ್ಮಂದಿರು ಸೇರಿ ನಡೆಸುವ ಮಂಡಿಯಲ್ಲಿ ಒಬ್ಬ ತಮ್ಮನ ವಿಚ್ಛೇದನಕ್ಕೆ ಇಡೀ ಮಂಡಿಯನ್ನು ಜಪ್ತಿ ಮಾಡಲು ಬರುವುದಿಲ್ಲ. 21ನೇ ಆದೇಶದ 49ನೇ ನಿಯಮ ಅದನ್ನು ಖಚಿತವಾಗಿ ಹೇಳುತ್ತದೆ: ಡಿಕ್ರಿ ಫರ್ಮಿನ ಮೇಲೆ ಅಥವಾ ಪಾಲುದಾರರೆಂಬ ನೆಲೆಯಲ್ಲಿ ಅವರ ಮೇಲೆ ಆಗಿರದಿದ್ದರೆ ಫರ್ಮಿನ ಆಸ್ತಿಯನ್ನು ಮುಟ್ಟುವಂತಿಲ್ಲ. ಆ ಒಬ್ಬ ಪಾಲುದಾರನ ಪಾಲಿನ ಮೇಲೆ, ಅವನಿಗೆ ಬರುವ ಲಾಭದ ಮೇಲೆ ಹೊರೆ ಹಾಕಬಹುದು, ಆ ಲಾಭವನ್ನು ಕೋರ್ಟಿನ ಪರವಾಗಿ ಪಡೆದು ನೋಡಿಕೊಳ್ಳಲು ರಿಸೀವರ್ ನೇಮಿಸಬಹುದು, ಲೆಕ್ಕ ಕೇಳಬಹುದು. ಆಗ ಅಣ್ಣಂದಿರ ದುಡಿಮೆಗೂ ತೊಂದರೆ ಇಲ್ಲ, ಹೆಂಡತಿಗೆ ಸೇರಬೇಕಾದ್ದೂ ಸೋರಿಹೋಗುವುದಿಲ್ಲ.

ತೆರಿಗೆ ಉಳಿಸಲೆಂದೋ, ಬ್ಯಾಂಕ್ ಸಾಲ ಸುಲಭವಾಗಲೆಂದೋ ಹೆಂಡತಿಯ ಹೆಸರನ್ನು ಪಾಲುದಾರಿಕೆ ಪತ್ರದಲ್ಲಿ ಹಾಕಿಸಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. "ನಿನ್ನ ಸಹಿ ಸುಮ್ಮನೆ" ಎಂದು ಹೇಳಿ ಹಾಕಿಸಿದ ಆ ಸಹಿ ಕೋರ್ಟಿನಲ್ಲಿ ಸುಮ್ಮನೆ ಅಲ್ಲ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಯಾವ ಪಾಲುದಾರನಿಗೂ ಲೆಕ್ಕದ ಪುಸ್ತಕ ನೋಡುವ, ನಕಲು ತೆಗೆದುಕೊಳ್ಳುವ ಹಕ್ಕಿದೆ. ಫರ್ಮು ನೋಂದಣಿಯಾಗಿಲ್ಲದಿದ್ದರೂ ವಿಸರ್ಜನೆ ಮತ್ತು ಲೆಕ್ಕಕ್ಕಾಗಿ ದಾವೆ ಹಾಕಬಹುದು. ಹಾಗಾಗಿ ಜೀವನಾಂಶದ ಅರ್ಜಿಯಲ್ಲಿ ಗಂಡನ ಆದಾಯ ಊಹಿಸುತ್ತ ಕೂರುವುದಕ್ಕಿಂತ, ಪಾಲುದಾರಳಾಗಿ ಲೆಕ್ಕ ಕೇಳುವುದು ಎಷ್ಟೋ ಸಲ ಹತ್ತಿರದ ದಾರಿ. ಗಂಡ ಹೆಂಡತಿ ಇಬ್ಬರೇ ಇರುವ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಾದರೆ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುವ ದಾರಿಯೂ ಇದೆ.

ಅವಿಭಕ್ತ ಕುಟುಂಬದ ತೋಟದ ವಿಷಯ ಮಲೆನಾಡಿಗೆ ಎಲ್ಲಕ್ಕಿಂತ ಹತ್ತಿರದ್ದು. ಗಂಡನ ಪಿತ್ರಾರ್ಜಿತದಲ್ಲಿ ಹೆಂಡತಿ ತಾನೇ ಪಾಲು ಕೇಳಲು ಬರುವುದಿಲ್ಲ. ಮಕ್ಕಳು ಕೇಳಬಹುದು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳನ್ನು ಪಾಲಿನ ಒಳಗೆ ತಂದಿತ್ತು, 2005ರ ಕೇಂದ್ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿತು, 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದ ತೀರ್ಪು ಉಳಿದ ಗೊಂದಲ ತೀರಿಸಿತು. ಮಗಳಿಗೆ ಹುಟ್ಟಿನಿಂದಲೇ ಪಾಲು. ಹಾಗಾಗಿ ಚಿಕ್ಕ ಮಕ್ಕಳ ಪರವಾಗಿ ತಾಯಿ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಹಾಕಿ, ತೋಟ ಪರಭಾರೆ ಮಾಡದಂತೆ ತಡೆಯಾಜ್ಞೆ ಕೇಳುವುದು ಇಲ್ಲಿ ಚಾಲ್ತಿಯಲ್ಲಿರುವ ದಾರಿ. ಜಮೀನು ಪಿತ್ರಾರ್ಜಿತ ಎಂದು ತೋರಿಸಬೇಕು, ಗಂಡ ಸ್ವಂತ ದುಡ್ಡಿನಿಂದ ಕೊಂಡಿದ್ದಕ್ಕೆ ಇದು ನಡೆಯದು. ಇಲ್ಲೊಂದು ಮಾತು ಸೇರಿಸಬೇಕು. ಗೇಣಿದಾರರು ಹೋರಾಡಿದ 1951ರ ಕಾಗೋಡು ಸತ್ಯಾಗ್ರಹದ ಸೀಮೆ ಇದು. 1974ರ ಭೂಸುಧಾರಣೆಯ ನಂತರ ಗೇಣಿದಾರರಿಗೆ ಡಿಕ್ಲರೇಷನ್ನಿನಲ್ಲಿ ಬಂದ ಜಮೀನು ಎಷ್ಟೋ ಮನೆಗಳಲ್ಲಿ ಹಿರಿಯರ ಒಬ್ಬರ ಹೆಸರಿನಲ್ಲೇ ಇದೆ. ಇಡೀ ಕುಟುಂಬ ಗೇಣಿ ಮಾಡುತ್ತಿದ್ದುದಾದರೆ ಅದು ಕುಟುಂಬದ್ದೇ. ಪಹಣಿಯಲ್ಲಿ ಒಂದೇ ಹೆಸರಿದೆ ಎಂದು ಕೈಚೆಲ್ಲಬೇಡಿ.

ಪಂಚಾಂಗದೊಳಗಿನ ಚೀಟಿ

ಆ ಮಂಡಿಯ ಕೇಸಿಗೆ ಮರಳುತ್ತೇನೆ. ಆಕೆಯ ಹೆಸರು ಯಾವ ಕಾಗದದಲ್ಲೂ ಇಲ್ಲ ಎಂದೆನಲ್ಲ. ನಾನು ಎಣಿಕೆ ಮುಗಿಸಿ ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟು ತೆರೆಸಿದಾಗ ಹಳೆಯ ಪಂಚಾಂಗಗಳ ಒಂದು ಕಟ್ಟು ಇತ್ತು. ಅದರಲ್ಲೊಂದರ ಒಳಗೆ ಸಹಕಾರ ಸಂಘದ ಬಂಗಾರ ಅಡಮಾನದ ಚೀಟಿ. ಎರಡು ಬಳೆ, ಒಂದು ಅವಲಕ್ಕಿ ಸರ. ಮದುವೆಯಲ್ಲಿ ಅವರ ತವರಿನವರು ಹಾಕಿದ ಒಡವೆ. ಸಾಲ ಪಡೆದವರ ಜಾಗದಲ್ಲಿ ಅವರ ಹೆಸರು, ತಾರೀಕು ಮಂಡಿ ಶುರುವಾದ ತಿಂಗಳದ್ದು. ಹಳೆಯ ಗುಮಾಸ್ತರು ಪಕ್ಕದಲ್ಲೇ ನಿಂತಿದ್ದರು. "ಹೌದಮ್ಮಾ, ಆ ದುಡ್ಡಲ್ಲೇ ಅಲ್ವಾ ಮೊದಲ ಲೋಡ್ ತಗೊಂಡಿದ್ದು" ಎಂದರು. ಯಜಮಾನರ ವಕೀಲರು ಅಲ್ಲೇ ಇದ್ದಾರೆ ಎನ್ನುವುದು ಅವರಿಗೆ ಆಮೇಲೆ ನೆನಪಾಯಿತು. ಕಮಿಷನರಿಗೆ ಸಾಕ್ಷಿ ಬರೆದುಕೊಳ್ಳುವ ಅಧಿಕಾರ ಆ ಆದೇಶದಲ್ಲಿ ಇರಲಿಲ್ಲ. ಚೀಟಿ ಸಿಕ್ಕಿದ್ದನ್ನು ಮಹಜರಿನಲ್ಲಿ ಬರೆದೆ.

ಸ್ತ್ರೀಧನದ ಮೇಲೆ ಹೆಂಡತಿಗೆ ಪೂರ್ಣ ಹಕ್ಕು, ಗಂಡನ ಕೈಯಲ್ಲಿ ಅದು ನಂಬಿ ಕೊಟ್ಟ ಇಡುಗಂಟು ಮಾತ್ರ ಎಂದು ಸುಪ್ರೀಂ ಕೋರ್ಟು 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆ. ಒಡವೆ ಅಡ ಇಟ್ಟು ತಂದ ದುಡ್ಡು ಬಂಡವಾಳವಾಗಿದೆ ಎನ್ನುವುದಕ್ಕೆ ಒಂದು ಚೀಟಿ ಸಿಕ್ಕರೆ, ಮೇಲ್ನೋಟದ ಹಕ್ಕು ಎಂಬ ಮೊದಲ ಪ್ರಶ್ನೆಗೆ ಉತ್ತರದ ಬೀಜ ಸಿಕ್ಕಂತೆ. ಇಂಥ ಕಾಗದ ಎಲ್ಲ ಮನೆಯಲ್ಲೂ ಇರುತ್ತದೆ. ಆಕೆಯ ಕೈಬರಹದ ಜಮಾಖರ್ಚು ಪುಸ್ತಕ, ಆಕೆಯ ಫೋನಿನಿಂದ ಬೆಳೆಗಾರರಿಗೆ ಹೋದ ಯುಪಿಐ ಪಾವತಿ, ತೋಟದ ಫಸಲು ಗುತ್ತಿಗೆ ಹಿಡಿಯುವ ಚೇಣಿದಾರರ ಜತೆ ರೇಟು ಮಾತಾಡಿದ ವಾಟ್ಸಾಪ್ ಸಂದೇಶ. ಜಗಳ ದೊಡ್ಡದಾಗುವ ಮೊದಲೇ ಇವುಗಳ ನಕಲು ಬೇರೆ ಕಡೆ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಗಂಡನ ಫೋನು ಕದ್ದು ನೋಡಿ ಎಂದು ಹೇಳುವುದಿಲ್ಲ. ನಿಮ್ಮ ಕೈಯಲ್ಲಿರುವುದೇ ಬಹಳ ಇರುತ್ತದೆ.

ಗಂಡನ ಕಡೆಯಿಂದ ಆದಾಯ ಹೊರಗೆ ತರಿಸಲು 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪು ದೊಡ್ಡ ಸಹಾಯ. ಜೀವನಾಂಶದ ಪ್ರತಿ ಕೇಸಿನಲ್ಲೂ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಕೃಷಿಕರಿಗೆಂದೇ ಅದರಲ್ಲಿ ಪ್ರತ್ಯೇಕ ನಮೂನೆಯಿದೆ. ಅಡಿಕೆ ಸೀಮೆಗೆ ಇದು ಮುಖ್ಯ, ಏಕೆಂದರೆ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಐಟಿ ರಿಟರ್ನ್ ನೋಡಿದರೆ ದೊಡ್ಡ ತೋಟದ ಯಜಮಾನರೂ ಬಡವರಂತೆ ಕಾಣುತ್ತಾರೆ. ಮಂಡಿಯ ವ್ಯಾಪಾರವನ್ನು ತೋಟದ ಆದಾಯ ಎಂದು ತೋರಿಸುವುದೂ ಉಂಟು. ಅದನ್ನು ಬಿಡಿಸುವುದು ಜಿಎಸ್‌ಟಿ ರಿಟರ್ನ್ ಮತ್ತು ಇ-ವೇ ಬಿಲ್. ಐವತ್ತು ಸಾವಿರಕ್ಕಿಂತ ಹೆಚ್ಚು ಬೆಲೆಯ ಸರಕು ಹೊರರಾಜ್ಯಕ್ಕೆ ಹೊರಟರೆ ಇ-ವೇ ಬಿಲ್ ಬೇಕು. ಇಂಥ ದಿನ ಇಂಥ ಲಾರಿಯಲ್ಲಿ ಇಷ್ಟು ಚೀಲ ಎಲ್ಲಿಗೆ ಹೋಯಿತು ಎನ್ನುವುದು ಅಲ್ಲಿ ಬರೆದಿರುತ್ತದೆ. ದಾಖಲೆ ತರಿಸಿಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಬೇಕು.

ಆದೇಶದ ಒಕ್ಕಣೆ

"ಪ್ರತಿವಾದಿಯು ದಾವಾ ಷೆಡ್ಯೂಲ್ ಆಸ್ತಿಗಳನ್ನು ಯಾವುದೇ ರೀತಿಯಲ್ಲಿ ಪರಭಾರೆ ಮಾಡಕೂಡದು." ಅರ್ಜಿಗಳಲ್ಲಿ ಈ ಒಂದು ಸಾಲು ಅಚ್ಚು ಹಾಕಿದಂತೆ ಬರುತ್ತದೆ. ಸೈಟಿಗೆ, ಮನೆಗೆ ಇದು ಸಾಕು. ಷೆಡ್ಯೂಲಿನಲ್ಲಿ, ಅಂದರೆ ದಾವೆಯ ಆಸ್ತಿ ಪಟ್ಟಿಯಲ್ಲಿ, "ಮಂಡಿಯಲ್ಲಿರುವ ಸರಕು" ಎಂದು ಸೇರಿಸಿ ಇದೇ ಸಾಲು ಬರೆದರೆ ಏನಾಗುತ್ತದೆ? ಒಂದು ಚೀಲ ಅಡಿಕೆ ಮಾರುವುದೂ ಪರಭಾರೆಯೇ. ಮಂಡಿ ಅಂದೇ ಮುಚ್ಚಿತು. ಬೆಳೆಗಾರರು ತಮ್ಮ ಅಡಿಕೆ ಎತ್ತಿಕೊಂಡು ಅಡಿಕೆ ಮಾರಾಟದ ಸಹಕಾರ ಸಂಘವಾದ ಮಾಮ್‌ಕೋಸಿಗೋ ಪಕ್ಕದ ಮಂಡಿಗೋ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಮಂಡಿಯ ನಿಜವಾದ ಆಸ್ತಿ ಚೀಲವೂ ಅಲ್ಲ ಗೋದಾಮೂ ಅಲ್ಲ, ಬೆಳೆಗಾರರ ನಂಬಿಕೆ. ಅದು ಹೋದ ಮೇಲೆ ಹೆಂಡತಿ ಕೇಸು ಗೆದ್ದರೂ ಗೆದ್ದಿದ್ದು ಏನನ್ನು?

ನಾನು ಬಯಸುವ ಆದೇಶ ಹೀಗಿರುತ್ತದೆ. ದೈನಂದಿನ ಕೊಡು-ಕೊಳ್ಳುವಿಕೆ ನಡೆಯಲಿ, ಆದರೆ ನಗದಿನಲ್ಲಿ ಬೇಡ, ಹೆಸರಿಸಿದ ಒಂದೇ ಖಾತೆಯ ಮೂಲಕ ನಡೆಯಲಿ. ಗೋದಾಮು, ಲಾರಿ, ಯಂತ್ರ, ತೋಟ ಮಾರಕೂಡದು. ಅವುಗಳ ಮೇಲೆ ಹೊಸ ಸಾಲ ಎತ್ತಕೂಡದು. ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ನಕಲು ತಿಂಗಳಿಗೊಮ್ಮೆ ಕೋರ್ಟಿಗೆ ಬರಲಿ. ಸಂಬಂಧಿಕರಿಗೆ ಸಾಲ ತೀರಿಸಿದೆ ಎಂಬ ಪಾವತಿಗೆ ಮೊದಲೇ ಅನುಮತಿ ಬೇಕು, ಏಕೆಂದರೆ ದುಡ್ಡು ಸೋರುವ ದೊಡ್ಡ ತೂತು ಅದೇ. ಕೇಸು ಬಿದ್ದ ಮೇಲೆ ಇದ್ದಕ್ಕಿದ್ದಂತೆ ಭಾವನಿಗೆ ಹತ್ತು ಲಕ್ಷದ ಹಳೆಯ ಬಾಕಿ ಹುಟ್ಟಿಕೊಳ್ಳುತ್ತದೆ. ಅಣ್ಣನಿಗೆ ದಾನಪತ್ರ ಬರೆದು ತಪ್ಪಿಸಿಕೊಳ್ಳುವ ಉಪಾಯವೂ ಅಷ್ಟು ಭದ್ರವಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಕಲಂ ಪ್ರಕಾರ, ಸ್ಥಿರಾಸ್ತಿಯ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕಿದ್ದವರು ಆ ಆಸ್ತಿಯನ್ನು ಪುಕ್ಕಟೆ ಪಡೆದವರ ಮೇಲೂ ಹಕ್ಕು ಚಲಾಯಿಸಬಹುದು.

ರಿಸೀವರ್ ನೇಮಕ ಕೇಳುವವರಿಗೆ ನನ್ನದು ಎಚ್ಚರಿಕೆಯ ಮಾತು. ರಿಸೀವರ್ ಬಂದು ಕುಳಿತರೆ ಅಡಿಕೆಯ ಒಣಗು ನೋಡಿ ರೇಟು ಹೇಳುವವರು ಯಾರು? ಕೈಯಲ್ಲಿ ಅಲುಗಿಸಿ, ಹಲ್ಲಿನಲ್ಲಿ ಕಚ್ಚಿ ಗುಣ ಹೇಳುವ ವಿದ್ಯೆ ಕೋರ್ಟಿನ ಕಾಗದದಲ್ಲಿ ಬರುವುದಿಲ್ಲ. ಲಾಭ ಪಡೆಯುವುದಕ್ಕೆ, ಬಾಡಿಗೆ ವಸೂಲಿಗೆ ರಿಸೀವರ್ ಸರಿ. ನಡೆಯುವ ವ್ಯಾಪಾರಕ್ಕೆ ಕೊನೆಯ ಉಪಾಯ.

ತೋಟದ ವಿಷಯದಲ್ಲಿ ಇನ್ನೂ ಒಂದು ತುರ್ತು ಇದೆ. ಕೆಂಪಡಿಕೆಗೆ ಕಾಯಿ ಹಸಿರಿರುವಾಗಲೇ ಕೊನೆ (ಗೊಂಚಲು) ತೆಗೆಯಬೇಕು, ಸುಲಿದು ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ, ಬೇಯಿಸಿ ಒಣಗಿಸಬೇಕು. ಕೇಸಿದೆ ಎಂದು ಬಿಟ್ಟರೆ ಹಣ್ಣಾಗಿ ಉದುರುತ್ತದೆ, ರಾಶಿ ಆಗಬೇಕಾದ್ದು ಗೊರಬಲಾಗುತ್ತದೆ. ಸುಲಿದ ಕಾಯಿಯಂತೂ ವಾಯ್ದೆಗೆ ಕಾಯುವುದಿಲ್ಲ. ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. 39ನೇ ಆದೇಶದ 6ನೇ ನಿಯಮದ ಪ್ರಕಾರ ಬೇಗ ಕೆಡುವ ಸರಕನ್ನು ಕೇಸು ನಡೆಯುವಾಗಲೇ ಮಾರಲು ಕೋರ್ಟು ಹೇಳಬಹುದು. 7ನೇ ನಿಯಮದ ಪ್ರಕಾರ ಆಸ್ತಿಯನ್ನು ಪರಿಶೀಲಿಸಲು, ಕಾಪಾಡಲು ಆದೇಶ ಕೊಡಬಹುದು. ಕೊಯ್ಲಿಗೆ ಒಂದು ತಿಂಗಳು ಮೊದಲೇ ಈ ಅರ್ಜಿ ಹಾಕಬೇಕು. ದೀಪಾವಳಿ ಮುಗಿದ ಮೇಲೆ ಎದ್ದರೆ ತಡ.

ಆದೇಶ ಏಕಪಕ್ಷೀಯವಾಗಿ, ಅಂದರೆ ಎದುರಿನವರನ್ನು ಕೇಳುವ ಮೊದಲೇ, ಸಿಕ್ಕರೆ ಸಂಭ್ರಮಿಸುವ ಮೊದಲು ಒಂದು ಕೆಲಸ. ಅರ್ಜಿ ಮತ್ತು ದಾಖಲೆಗಳ ನಕಲನ್ನು ಅದೇ ದಿನ ಅಥವಾ ಮರುದಿನ ಎದುರಿನವರಿಗೆ ಕಳಿಸಿ ಪ್ರಮಾಣಪತ್ರ ಹಾಕಬೇಕು. ಇದನ್ನು ಮರೆತರೆ ಆದೇಶವನ್ನೇ ತೆಗೆಸಲು ಎದುರಿನವರಿಗೆ ಅವಕಾಶ. ಅಂಥ ಅರ್ಜಿಯನ್ನು ಮೂವತ್ತು ದಿನದಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಸಂಹಿತೆ ಹೇಳುತ್ತದೆ. ಆದೇಶ ಮೀರಿದರೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು. ಕೌಟುಂಬಿಕ ನ್ಯಾಯಾ­ಲಯದ ಮಧ್ಯಂತರ ಆದೇಶದ ಮೇಲೆ 1984ರ ಕಾಯ್ದೆಯಡಿ ಅಪೀಲು ಇಲ್ಲ, ರಿಟ್ ಹಾಕಲು ಬೆಂಗಳೂರಿಗೇ ಹೋಗಬೇಕು. ಮಂಡಿ ನಡೆಸುವವರಿಗೂ ಮಕ್ಕಳನ್ನು ಶಾಲೆಗೆ ಕಳಿಸುವವರಿಗೂ ಅದು ಸಣ್ಣ ಹೊರೆಯಲ್ಲ. ಹಾಗಾಗಿ ಕೆಳಗಿನ ಕೋರ್ಟಿನಲ್ಲೇ ಒಕ್ಕಣೆ ಸರಿಯಾಗಿರಲಿ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ. ವಕೀಲರ ಫೀಸಿನ ಚಿಂತೆಯಿರುವ ಹೆಂಗಸರಿಗೆ ಒಂದು ಮಾತು: ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಆ ಮಂಡಿಯ ಕೇಸಿನಲ್ಲಿ ನನ್ನ ವರದಿಗೆ ಎರಡು ಪಟ್ಟಿ ಲಗತ್ತಿಸಿದೆ, ಮಂಡಿಯ ಸ್ವಂತ ಸರಕಿನದ್ದು ಒಂದು, ನೀಲಿ ಅಕ್ಷರವಿದ್ದ ಬೆಳೆಗಾರರ ಚೀಲದ್ದು ಇನ್ನೊಂದು. ಬೆಳೆಗಾರರ ಚೀಲಗಳನ್ನು ಕೋರ್ಟು ಆದೇಶದಿಂದ ಹೊರಗಿಟ್ಟಿತು. ಸ್ವಂತ ಸರಕನ್ನು ಟೆಂಡರಿನಲ್ಲಿ ಮಾರಿ, ಬ್ಯಾಂಕಿನ ಬಾಕಿ ಕಳೆದು ಉಳಿದದ್ದನ್ನು ಕೋರ್ಟಿನ ಹೆಸರಿಗೆ ಠೇವಣಿ ಇಡಲು ಹೇಳಿತು. ಮಾರಾಟದ ದಿನ ಆಕೆಯೂ ಬಂದಿದ್ದರು. ತೂಕದ ಚೀಟಿಯ ಕಾರ್ಬನ್ ನಕಲು ಕೇಳಿ ಪಡೆದು, ಕನ್ನಡಕ ಹಾಕಿಕೊಂಡು ಕೂಡಿಸಿ ನೋಡಿದರು. ಒಂದು ಚೀಲದ ತೂಕ ಎರಡು ಸಲ ಬರೆದಿತ್ತು. ಗುಮಾಸ್ತರನ್ನು ಕರೆದು ತಿದ್ದಿಸಿದರು. ಠೇವಣಿಯ ಮೊತ್ತ ಅಷ್ಟು ಕಡಿಮೆಯಾಯಿತು, ಪಕ್ಕದಲ್ಲಿ ಗುಮಾಸ್ತರು ಸಹಿ ಹಾಕಿದರು.